ಗೋಡೆಗೇರಿದ ನಾಜರೇನೊ

ತಾನು ಸತ್ತ ಸಂಗತಿ ನಾಜರೇನೊಗೆ ತಿಳಿದದ್ದು ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಮೊದಲ ಬಸ್ಸಿಗೇ ಕೆಳಗಿನ ಪೇಟೆಗೆ ಹೋಗಿ ಕ್ಷೌರ ಮಾಡಿಸಿಕೊಂಡು ಮರಳಿ ಬಸ್ಸಿಳಿದಾಗ. ಇಗರ್ಜಿಯ ಪಕ್ಕದ ಗೋಡೆಯಲ್ಲಿ ದಪ್ಪ ಕಪ್ಪು ಅಂಚಿನ ಹೊಸ ಕಾಗದವೊಂದು ಕಾಣಿಸಿತು. ಅವನ ಗುಡ್ಡದೂರಾದ ಮೊಂಟೆಫೊಸ್ಕೊದಲ್ಲಿ ಯಾರೇ ತೀರಿಕೊಂಡರೂ ಇಂಥ ಕಾಗದ ಗೋಡೆಗೆ ಬರುತ್ತದೆ. ಊರಿನವರು ಪತ್ರಿಕೆ ಓದುವುದನ್ನು ಬಿಟ್ಟಾರು, ಅದನ್ನು ಮಾತ್ರ ಬಿಡುವುದಿಲ್ಲ. ಯಾರಪ್ಪಾ ಹೋದವರು ಎಂದು ಅವನು ಕನ್ನಡಕ ಏರಿಸಿ ನೋಡಿದ. ಅವನದೇ ಮುಖ ಹಲ್ಲು ಕಿರಿಯುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ‘ನಾಜರೇನೊ ಪಿಯೆರೊನಿ, ಅರವತ್ತೊಂಬತ್ತು ವರ್ಷ’. ಅದರ ಕೆಳಗೆ ‘ನಮಗೆ ಇಷ್ಟೊಂದು ಕೊಟ್ಟ ಸಜ್ಜನ. ನಿಮ್ಮನ್ನು ಎಂದೂ ಮರೆಯಲಾರೆವು.’

ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ವರ್ಷದಲ್ಲಿ ಅಷ್ಟು ದಿನಗಳಿರುವಾಗ ಸಾಯಿಸುವವರಿಗೆ ಇದೇ ದಿನ ಬೇಕಿತ್ತೆ? ಹನ್ನೊಂದು ವರ್ಷ ಒಂದು ಭಾನುವಾರವೂ ತಪ್ಪಿಸದೆ ವಿಧವೆ ಆರ್ಜಿಯಾಳ ಜೊತೆ ಚೌಕದಲ್ಲಿ ಅಡ್ಡಾಡಿ, ಹೋದ ವಾರ ಅಂತೂ ಇಂತೂ ಧೈರ್ಯ ಮಾಡಿ ಮದುವೆಯ ಮಾತು ಎತ್ತಿದ್ದ. ‘ಶನಿವಾರ ಮಧ್ಯಾಹ್ನ ಬಾ, ಹೇಳ್ತೀನಿ’ ಅಂದಿದ್ದಳು. ಆ ಉತ್ತರಕ್ಕೆಂದೇ ಈ ಕ್ಷೌರ, ಈ ಇಸ್ತ್ರಿ ಅಂಗಿ. ಈಗ ನೋಡಿದರೆ ಮದುಮಗನೇ ಗೋಡೆಗೇರಿದ್ದಾನೆ.

ಕಾಗದಕ್ಕೆ ಕೈ ಹಾಕಿದ್ದೇ ತಡ, ಹಿಂದಿನಿಂದ ಚೀರಿದ್ದು ಕೇಳಿಸಿತು. ಅವನ ಮನೆಯ ಮೇಲಂತಸ್ತಿನ ಪಾಲ್ಮಿರಾ ಕಪ್ಪು ಶಾಲು ಹೊದ್ದು ನಿಂತಿದ್ದಳು. ಎದೆಯ ಮೇಲೆ ಎರಡು ಸಲ ಶಿಲುಬೆ ಬರೆದುಕೊಂಡಳು, ಹತ್ತಿರ ಬಂದು ಅವನ ತೋಳು ಚಿವುಟಿದಳು, ಗಟ್ಟಿ ಆಳೇ ಎಂದು ಖಾತ್ರಿಯಾದ ಮೇಲೆ ಕೆರಳಿದಳು.

“ಬದುಕಿದೀಯಾ? ನಿನ್ನ ಮನೆಯವರಿಗೆ ಸಾರು ಕೊಡ್ಬೇಕಲ್ಲಾಂತ ನನ್ನ ಮೊಟ್ಟೆ ಇಡೋ ಕೋಳಿ ಕುಯ್ದೆನಲ್ಲೋ.”

“ನನಗೆ ಮನೆಯವರೆಲ್ಲಿದಾರೆ, ಪಾಲ್ಮಿರಾ?”

“ಯಾರಾದ್ರೂ ಬರ್ತಿದ್ರು ಬಿಡು. ಸತ್ತ ಮನೇಲಿ ಒಲೆ ಹಚ್ಚಬಾರದು. ಬಾಗಿಲಿಗೆ ಬೀಗ ನೋಡಿ, ಆಸ್ಪತ್ರೇಲೇ ಹೋಗಿರ್ಬೇಕು ಪಾಪ ಅಂತ ಬೀದಿಗೆಲ್ಲ ನಾನೇ ಹೇಳಿದ್ದು. ಈಗ ನನ್ನ ಮಾತಿಗೆ ಏನು ಬೆಲೆ ಉಳೀತು?”

ಸಾಯದೇ ಉಳಿದದ್ದಕ್ಕೆ ನಡುಬೀದಿಯಲ್ಲಿ ಬೈಸಿಕೊಳ್ಳುವ ಗತಿ ಯಾವ ಮನುಷ್ಯನಿಗೂ ಬರಬಾರದು. ನಾಜರೇನೊ ಕಾಗದವನ್ನು ಕಿತ್ತು ಮುದ್ದೆ ಮಾಡಿ ಜೇಬಿಗೆ ತುರುಕಿ, ಸೆತ್ತಿಮಿಯೊನ ಕಾಫಿ ಬಾರಿನತ್ತ ದಾಪುಗಾಲು ಹಾಕಿದ. ದಾರಿಯುದ್ದಕ್ಕೂ ಅವನದೇ ಮುಖ. ಅಂಚೆ ಕಚೇರಿಯ ಮೇಲೆ ಒಂದು, ಬ್ರೆಡ್ಡಿನ ಅಂಗಡಿಯ ಮೇಲೆ ಒಂದು, ನಲ್ಲಿಕಟ್ಟೆಯ ಮೇಲೆ ಎರಡು.

ಬಾರಿನಲ್ಲಿ ಅವನು ಇಪ್ಪತ್ತು ವರ್ಷದಿಂದ ಕೂರುತ್ತಿದ್ದ ಇಸ್ಪೀಟಿನ ಕುರ್ಚಿಯಲ್ಲಿ ಬೇರೆ ಯಾವನೋ ಕೂತು ಎಲೆ ಹಾಕುತ್ತಿದ್ದ.

“ಒಂಬತ್ತೂವರೆ ತನಕ ಖಾಲೀನೇ ಇಟ್ಟಿದ್ವಿ ಕಣೋ,” ಎಂದ ಸೆತ್ತಿಮಿಯೊ, ಬಟ್ಟಲು ಒರೆಸುತ್ತ. ಅವನ ಮುಖವೂ ಗಂಟಿಕ್ಕಿತ್ತು. “ಇಷ್ಟು ಜನರ ಮುಂದೆ ನಿನ್ನ ಬಗ್ಗೆ ಒಳ್ಳೆ ಮಾತಾಡ್ಬಿಟ್ಟೆ. ಎಲೆ ಕದಿಯೋನಲ್ಲ, ಹೃದಯವಂತ ಅಂತೆಲ್ಲ. ಅದನ್ನ ಈಗ ಹೆಂಗೆ ವಾಪಸ್ ತಗೊಳ್ಲಿ?”

“ನಾನು ಯಾವತ್ತೋ ಎಲೆ ಕದ್ದಿದ್ದು?”

“ನೋಡ್ರೋ, ಬದುಕಿದ ಕೂಡ್ಲೇ ಜಗಳ ಶುರು ಮಾಡ್ದ.”

ಅಷ್ಟರಲ್ಲಿ ಮೂಲೆಯಿಂದ ಒಂದು ಉದ್ದನೆಯ ಆಕೃತಿ ಎದ್ದು ಬಂತು. ನಾಜರೇನೊನ ಮನೆಯಲ್ಲಿ ಮೂರು ವಾರದಿಂದ ಕೋಣೆ ಹಿಡಿದಿದ್ದ ಡಚ್ಚಿನವನು, ಯೋಸ್ಟ್. ಪ್ರವಾಸಿಯಂತೆ ಕಾಣಬಾರದು ಎಂಬುದು ಅವನ ವ್ರತ. ಇಲ್ಲಿಯವರನ್ನು ನೋಡಿ ನೋಡಿ ಎಲ್ಲವನ್ನೂ ಕಲಿತಿದ್ದ. ಊಟವಾದ ಮೇಲೆ ಹಾಲಿನ ಕಾಫಿ ಕೇಳುತ್ತಿರಲಿಲ್ಲ, ಒದ್ದೆ ತಲೆಯಲ್ಲಿ ಹೊಸ್ತಿಲು ದಾಟುತ್ತಿರಲಿಲ್ಲ. ಅವನ ಮುಖ ಈಗ ಸಂತೋಷದಿಂದ ಕೆಂಪಾಗಿತ್ತು.

“ನೋಡಿದ್ರಾ ಸಿನ್ಯೋರ್ ನಾಜರೇನೊ? ನಾಳೆ ನಾನು ಹೊರಡ್ತೀನಲ್ಲ, ನಿಮಗೆ ಈ ಊರಿನ ಪದ್ಧತಿ ಪ್ರಕಾರಾನೇ ಧನ್ಯವಾದ ಹೇಳೋಣ ಅಂತ ಮಾಡಿಸಿದೆ. ಎಂಥ ಒಳ್ಳೆ ಪದ್ಧತಿ. ಒಳ್ಳೆಯವರನ್ನ ಗೋಡೆ ಮೇಲೆ ಹೊಗಳೋದು ನಮ್ಮೂರಲ್ಲಿ ಎಲ್ಲೂ ಇಲ್ಲ.”

ನಾಜರೇನೊ ಜೇಬಿನಿಂದ ಮುದ್ದೆಯಾದ ಕಾಗದ ತೆಗೆದು ಅವನ ಮೂಗಿನ ಮುಂದೆ ಹಿಡಿದ.

“ಪೇಟೆಯ ಮುದ್ರಣದವನು ಎಷ್ಟು ಸಭ್ಯಸ್ಥ ಗೊತ್ತಾ? ನನ್ನ ಕೈ ಹಿಡ್ಕೊಂಡು ತುಂಬ ಹೊತ್ತು ಬಿಡ್ಲೇ ಇಲ್ಲ. ಇಲ್ಲೂ ಬೆಳಿಗ್ಗೆಯಿಂದ ಜನ ನನ್ನ ತಬ್ಬಿಕೊಂಡು ಅಳ್ತಿದಾರೆ. ನಿಮ್ಮ ಮೇಲೆ ಊರಿಗೆ ಇಷ್ಟು ಪ್ರೀತಿ ಅಂತ ನನಗೆ ಗೊತ್ತಿರ್ಲಿಲ್ಲ.”

“ಅದು ಸತ್ತೋರಿಗೆ ಹಾಕೋದು ಕಣಯ್ಯಾ,” ಎಂದು ಗುಡುಗಿದ ನಾಜರೇನೊ. “ಗೋಡೆ ಮೇಲಿರೋರೆಲ್ಲ ಸತ್ತೋರು.”

ಯೋಸ್ಟ್ ಬಿಳಿಚಿಕೊಂಡ. “ಅದಕ್ಕೇ ಎಲ್ಲರೂ ಅಷ್ಟು ಒಳ್ಳೆಯವರಾ?” ಎಂದ.

“ಎಷ್ಟು ಅಂಟಿಸಿದೀಯ?”

“ಮೂವತ್ತು. ಒಂದನ್ನ... ಸಿನ್ಯೋರಾ ಆರ್ಜಿಯಾ ಅವರ ಬಾಗಿಲಿನ ಎದುರಿಗೇ ಹಾಕಿದೆ. ನಿಮಗೆ ಅನುಕೂಲ ಆಗ್ಲಿ ಅಂತ.”

ನಾಜರೇನೊ ಅವನ ಕೊರಳಪಟ್ಟಿಗೆ ಕೈ ಹಾಕಿದ. ಹನ್ನೊಂದು ವರ್ಷದ ತಪಸ್ಸನ್ನು ಒಂದು ಡಬ್ಬಿ ಅಂಟಿನಲ್ಲಿ ಮುಗಿಸಿದವನನ್ನು ಬಿಡುವುದುಂಟೆ? ಸೆತ್ತಿಮಿಯೊ ನಡುವೆ ಬರದಿದ್ದರೆ ಊರಿಗೆ ಆವತ್ತು ನಿಜವಾದ ಕಾಗದವೊಂದು ಬೇಕಾಗುತ್ತಿತ್ತು.

“ಬಿಡೋ ಅವನ್ನ. ನೀನು ಅವನ ಕಾಲಿಗೆ ಬೀಳ್ಬೇಕು. ಎಂಟು ಗಂಟೆಗೆ ಆರ್ಜಿಯಾ ಇಲ್ಲಿಗೆ ಓಡಿ ಬಂದ್ಲು. ಈ ಮೇಜಿನ ಮೇಲೆ ತಲೆಯಿಟ್ಟು ಅತ್ತಳು ನೋಡು, ನಮಗೇ ಕಣ್ಣಲ್ಲಿ ನೀರು. ‘ಇವತ್ತು ನಾನು ಹೂಂ ಅನ್ನೋಳಿದ್ದೆ, ಹೂಂ ಅಂತ ಹೇಳೋಕ್ಕೂ ಬಿಡ್ಲಿಲ್ಲವಲ್ಲ’ ಅಂತ. ಎಲ್ಲರ ಮುಂದೆ.”

ನಾಜರೇನೊನ ಕೈ ಸಡಿಲಾಯಿತು. ಯೋಸ್ಟ್‌ನ ಕೊರಳಪಟ್ಟಿಯನ್ನು ತಾನೇ ನೇರ ಮಾಡಿದ, ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟ, ನಿನ್ನಂಥ ಮಗ ನನಗಿರಬೇಕಿತ್ತು ಎಂದ. ಆಮೇಲೆ ಮೊಣಕಾಲು ನೋವನ್ನೂ ಮರೆತು ಏರುದಾರಿಯಲ್ಲಿ ಓಡಿದ. ಪಾಲ್ಮಿರಾ ಸಾರಿನ ಪಾತ್ರೆ ಹಿಡಿದು ಹಿಂದೆಯೇ ಬಂದಳು. ಕೋಳಿ ಹೋದರೂ ಸುದ್ದಿಯಾದರೂ ಸಿಗಲಿ ಎಂದು.

ಬಾಗಿಲು ತೆರೆದ ಆರ್ಜಿಯಾ ತಲೆಯಿಂದ ಪಾದದವರೆಗೆ ಕಪ್ಪು ಬಟ್ಟೆ ಉಟ್ಟಿದ್ದಳು. ಕಣ್ಣು ಊದಿತ್ತು. ಅವನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಕಿವಿಯನ್ನೂ ಮುಟ್ಟಿ ನೋಡಿದಳು. ಅವನು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದ, ಡಚ್ಚಿನವನು, ಮುದ್ರಣದವನು, ಪದ್ಧತಿ.

“ಬದುಕಿದೀಯಲ್ಲ, ಅಷ್ಟು ಸಾಕು,” ಎಂದಳು.

“ಹಾಗಾದ್ರೆ ಉತ್ತರ ಹೇಳು, ಆರ್ಜಿಯಾ.”

“ಬೇಡ, ನಾಜರೇನೊ.”

“ಏನು ಬೇಡ?”

“ಮದುವೆ. ನನ್ನ ಗಂಡ ಲೀನೊ ಹೋದಾಗ ಎರಡು ವರ್ಷ ಅತ್ತೆ. ಅಳೋದು ಹೇಗಿರುತ್ತೆ ಅಂತ ಮರ್ತೇ ಹೋಗಿತ್ತು, ಅದಕ್ಕೇ ನಿನಗೆ ಹೂಂ ಅನ್ನೋ ಮನಸ್ಸಾಗಿತ್ತು. ಇವತ್ತು ಮೂರು ಗಂಟೆ ಅತ್ತ ಮೇಲೆ ನೆನಪಾಯ್ತು. ನೀನು ನನಗಿಂತ ಎಂಟು ವರ್ಷ ದೊಡ್ಡೋನು. ಇನ್ನೊಂದ್ಸಲ ನನ್ನ ಕೈಲಾಗಲ್ಲ.”

ನಾಜರೇನೊನ ಕಿವಿ ಕೆಂಪಾದವು. ಪಾಲ್ಮಿರಾ ಮೆಟ್ಟಿಲ ಮೇಲೆ ಪಾತ್ರೆ ಇಟ್ಟು ಇನ್ನಷ್ಟು ಹತ್ತಿರ ಸರಿದಳು.

“ಇದ್ಯಾವ ನ್ಯಾಯ?” ಎಂದ ಅವನು. “ನಾನು ನಿಜವಾಗ್ಲೂ ಸತ್ತಿದ್ರೆ ಹೂಂ ಅಂತಿದ್ಯಾ?”

“ಅಂದಾಯ್ತಲ್ಲ,” ಎಂದಳು ಆರ್ಜಿಯಾ, ಮೂಗು ಒರೆಸಿಕೊಳ್ಳುತ್ತ. “ಊರೆಲ್ಲ ಕೇಳಿಸ್ಕೊಂಡಿದೆ.”