ದೊಡ್ಡವ್ವನೂ ಒಂದಗುಳೂ

ನಮ್ಮ ದೊಡ್ಡವ್ವನ ಎದುರು "ಇವತ್ತು ಬಿಸಿಲು ಜಾಸ್ತಿ" ಎಂದು ಹೇಳುವ ಗಂಡೆದೆ ಇಡೀ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲ! "ಯಾವತ್ತಿಗಿಂತ ಜಾಸ್ತಿ? ಅಳತೆ ಮಾಡ್ದೋರ್ಯಾರು? ಒಂದೇ ದಿನ ಮಾಡುದ್ರೋ, ದಿನಾ ಮಾಡುದ್ರೋ?" ಎಂದು ಶುರುಮಾಡುತ್ತಾಳೆ. ಅಷ್ಟರಲ್ಲಿ ನಿಜವಾಗಿಯೂ ಬಿಸಿಲು ಇಳಿದಿರುತ್ತದೆ.

ಈಕೆ ನಮ್ಮ ಅವ್ವನ ಅಕ್ಕ. ಹನೂರು, ಯಳಂದೂರು ಎಂದು ಸುತ್ತಿ, ಕೊನೆಗೆ ಮಾಂಬಳ್ಳಿಯಲ್ಲಿ ನರ್ಸಮ್ಮನಾಗಿ ಕೆಲಸ ಮುಗಿಸಿ, ಈಗ ಮಧುವನಹಳ್ಳಿಯಲ್ಲಿ ನಾಲ್ಕು ಕೋಳಿ, ಒಂದು ಹುಂಜದ ಜೊತೆ ಇದ್ದಾಳೆ. ಮದುವೆಯಾಗಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿಯೇಬಿಟ್ಟಿದ್ದೆ. "ನೋಡಕ್ಕೆ ಬಂದೋರು ಉಡ್ಗ ಬಾಳಾ ಒಳ್ಳೆಯವ್ನು ಅಂದ್ರು. ಅಂಗಂತ ಎಷ್ಟ್ ಜನ ಏಳವ್ರೆ ಅಂತ ಕೇಳ್ದೆ. ಉಪ್ಪಿಟ್ಟು ಬುಟ್ಟು ಎದ್ದೋದ್ರು ಕಣ್ಲಾ!"

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಬಾಟಲಿ ಹಿಡಿದು ಬಾಣಂತಿ ಔಷಧಿ ಮಾರುತ್ತಿದ್ದ. ಇದನ್ನು ಕುಡಿದವರ ಮಕ್ಕಳು ದುಂಡುದುಂಡಗೆ, ಬೆಳ್ಳಬೆಳ್ಳಗೆ ಆಗುತ್ತವಂತೆ. ದೊಡ್ಡವ್ವ ಚೀಲ ಕೆಳಗಿಟ್ಟಳು. ನನಗೆ ಗೊತ್ತಾಯಿತು, ನಮ್ಮ ಬಸ್ಸು ತಪ್ಪಿತು!

"ಕುಡುದ್ ಬಾಣ್ತೀರ ಮಕ್ಳ ನೋಡ್ದೆ, ಸರಿ. ಕುಡೀದಿದ್ದೋರ ಮಕ್ಳ ನೋಡ್ದಾ?"

"ಅವ್ರನ್ನ ನಾನ್ಯಾಕ್ ನೋಡ್ಲವ್ವ? ಅವ್ರು ಗಿರಾಕಿ ಅಲ್ವಲ್ಲ!"

"ಅವೂ ದುಂಡಗಿದ್ರೆ ಏನ್ ಮಾಡೀಯೆ?"

ಸುತ್ತ ನಿಂತಿದ್ದವರೆಲ್ಲ ಅವನ ಮುಖ ನೋಡಿದರು. ಮುಂದಿನ ವಾರ ಅವನು ಅದೇ ಬಾಟಲಿಯನ್ನು ಹಸುಗಳಿಗೆ ಹಾಲು ಹೆಚ್ಚಿಸುವ ಔಷಧಿ ಎಂದು ಮಾರುತ್ತಿದ್ದ. ಹಸುಗಳು ಪ್ರಶ್ನೆ ಕೇಳುವುದಿಲ್ಲ ನೋಡಿ.

"ಅನ್ನ ಬೆಂದದೆಯಾ ಅಂತ ನೋಡಕ್ಕೆ ಒಂದಗುಳು ಸಾಕಲ್ವೇನಕ್ಕ? ನನ್ ಮಗೀಗೆ ಉಟ್ಟಿದ್ ದಿನವೇ ತಲೆಗೆ ನೀರುಯ್ದೆ, ಏನಾಯ್ತು? ಗುಂಡ್ಕಲ್ಲಾಗವ್ನೆ" ಎಂದು, ಹುಟ್ಟಿದ ದಿನವೇ ಕೂಸಿಗೆ ನೀರು ಹಾಕಬಾರದೆಂದ ದೊಡ್ಡವ್ವನ ಎದುರು, ನಮ್ಮ ಅವ್ವ ಒಮ್ಮೆ ನನ್ನನ್ನೇ ಸಾಕ್ಷಿಗೆ ಎಳೆದಿದ್ದಳು.

"ಅನ್ನಕ್ಕೆ ಒಂದಗುಳು ಸಾಕು ಕಣವ್ವ. ಮಕ್ಳೇನು ಒಂದೇ ಪಾತ್ರೇಲಿ ಬೇಯ್ತವಾ? ತಣ್ಣಗಾಗಿ ಸತ್ತೋದ್ ಮಕ್ಳು ಬಂದು ನಿಂಗೆ ಏಳ್ತವಾ?"

ಅವ್ವ ಎದ್ದು ಒಲೆಯ ಕಡೆಗೆ ಹೋದಳು.

ಇಂಥವಳ ಬಾಯಿಗೆ ನಮ್ಮೂರೇ ಸಾಲದು ಎಂದು ಅನಿಸಿರಬೇಕು, ಹಿಂದೆ ಜೊತೆಗೆ ಕೆಲಸ ಮಾಡಿದ್ದ ಒಬ್ಬ ಡಾಕ್ಟರಮ್ಮ ಅವಳನ್ನು ಪ್ರಪಂಚಕ್ಕೇ ಪರಿಚಯ ಮಾಡಿಸಿಬಿಟ್ಟರು. ತಾಯಂದಿರು, ಆಗಷ್ಟೇ ಹುಟ್ಟಿದ ಕೂಸುಗಳು, ಮಕ್ಕಳು, ಇವರಿಗೆ ಯಾವ ಆರೈಕೆ ನಿಜವಾಗಿ ಒಳ್ಳೆಯದು ಎಂದು ಹಲವು ದೇಶದವರು ಸೇರಿ ಹುಡುಕುತ್ತಾರಂತೆ. ಎಲ್ಲೆಲ್ಲಿ ಯಾರ್‍ಯಾರು ಏನೇನು ಪರೀಕ್ಷೆ ಮಾಡಿ ನೋಡಿದ್ದಾರೋ ಅದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಜೊಳ್ಳು ತೂರಿ, ಗಟ್ಟಿ ಉಳಿಸಿಕೊಳ್ಳುವುದು. ಆಮೇಲೆ ಅದನ್ನು ಊರಿನವರಿಗೆ ತಿಳಿಯುವ ಹಾಗೆ ಬರೆಯುವುದು. ಬರೆದದ್ದು ಊರಿನಲ್ಲಿ ನಡೆಯುತ್ತದೋ ಇಲ್ಲವೋ ಎಂದು ಹೇಳುವುದು ನಮ್ಮ ದೊಡ್ಡವ್ವನಂಥವರ ಕೆಲಸ.

ತಿಂಗಳಿಗೊಂದು ಸಂಜೆ ಕಂಪ್ಯೂಟರಿನಲ್ಲಿ ಮೀಟಿಂಗು. ದೊಡ್ಡವ್ವ ಅವತ್ತು ಕೊಳ್ಳೇಗಾಲದ ರೇಷ್ಮೆ ಸೀರೆ ಉಡುತ್ತಾಳೆ. ಅವಳದು ಕನ್ನಡ, ಡಾಕ್ಟರಮ್ಮ ಅದನ್ನು ಇಂಗ್ಲಿಷಿಗೆ ದಾಟಿಸುತ್ತಾರೆ, ಹುಂಜ ಮಾತ್ರ ಯಾರ ಸಹಾಯವೂ ಇಲ್ಲದೆ ನೇರವಾಗಿ ಮಾತಾಡುತ್ತದೆ. ಮೀಟಿಂಗ್ ನಡೆಸುವವರು ಇಂಗ್ಲೆಂಡಿನ ಒಬ್ಬ ನರೆಗೂದಲ ಡಾಕ್ಟರು. ಆಫ್ರಿಕಾದ ಮಲಾವಿಯಿಂದ ಒಬ್ಬ ನರ್ಸು ಬರುತ್ತಾಳೆ. ಅವಳಿಗೂ ಇವಳಿಗೂ ಒಂದು ಪದವೂ ಅರ್ಥವಾಗದಿದ್ದರೂ ಒಡಹುಟ್ಟಿದವರ ಹಾಗೆ ನಗುತ್ತಾರೆ. "ನಮ್ ಮಲಾವಿಯವ್ಳು" ಎನ್ನುತ್ತಾಳೆ ದೊಡ್ಡವ್ವ, ಪಕ್ಕದ ಬೀದಿಯವಳು ಎಂಬಂತೆ.

ಒಂದು ಮೀಟಿಂಗಿಗೆ ನಾನೂ ಹಿಂದೆ ಕುಳಿತಿದ್ದೆ. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಬರಿಯ ಎದೆಗೆ ಅಂಟಿಸಿಕೊಂಡಂತೆ ಕಟ್ಟಿ, ದಿನದ ಬಹುಪಾಲು ಹಾಗೇ ಬೆಚ್ಚಗೆ ಇಟ್ಟುಕೊಳ್ಳಬೇಕು ಎಂಬ ಬರಹ ಓದಿದರು. ದೊಡ್ಡವ್ವ ಕೈಯೆತ್ತಿದಳು.

"ಒಳ್ಳೇದೇ ಸಾ. ನಾನೂ ಕಣ್ಣಾರೆ ಕಂಡಿವ್ನಿ. ಆದ್ರೆ ಒಂದೇ ಕೋಣೆ ಮನೇಲಿ ಮಾವ, ಬಾವ ತಿರುಗಾಡ್ತಿರ್ತಾರೆ, ಬಾಣ್ತಿ ಎಂಗ್ ಕೂತಾಳು? ಅವ್ಳು ಉಚ್ಚೆಗೆ ಓದಾಗ ಕೂಸು ಯಾರ್ ಇಡ್ಕತಾರೆ? ಅಪ್ಪ ಅನ್ನುಸ್ಕಂಡೋನೂ ಅಂಗಿ ಬಿಚ್ಚಿ ಇಡ್ಕಳ್ಳಿ ಅಂತ ದಪ್ಪಕ್ಷರ್ದಲ್ಲಿ ಬರೀರಿ!"

ನಾಲ್ಕು ಖಂಡದ ಜನ ಪೆನ್ನು ತೆಗೆದುಕೊಂಡು ಅದನ್ನು ಬರೆದುಕೊಂಡರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮಧುವನಹಳ್ಳಿಯ ಹಜಾರದಲ್ಲಿ ಆಡಿದ ಮಾತು! ಆಗ ನರೆಗೂದಲ ಡಾಕ್ಟರು ಬಹಳ ಮರ್ಯಾದೆಯಿಂದ ಕೇಳಿದರು: ಬೇರೆ ದೇಶಗಳಲ್ಲಿ ಅಪ್ಪಂದಿರೂ ಹಿಡಿದಿದ್ದಾರೆ, ನಿಮ್ಮ ಕಡೆ ಎಷ್ಟು ಜನ ಹಿಡಿದದ್ದನ್ನು ನೋಡಿದ್ದೀರಿ?

ಅಯ್ಯೋ! ಅವಳ ಬಾಣ ಅವಳಿಗೇ ತಿರುಗಿತ್ತು. ದೊಡ್ಡವ್ವ ಸೆರಗು ಸರಿಮಾಡಿಕೊಂಡಳು. "ಒಂದೂ ಇಲ್ಲ ಸಾ" ಎಂದಳು. ಆ ಸಂಜೆಯೆಲ್ಲ ಅವಳು ಮಂಕಾಗಿದ್ದಳು.

ಇದಾಗಿ ಎರಡೇ ತಿಂಗಳಿಗೆ ನನ್ನ ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಆಪರೇಷನ್ನು. ಹೆಣ್ಣು ಕೂಸು, ನನ್ನ ಅಂಗೈಯಿಂದ ಮೊಣಕೈವರೆಗೂ ಬರುತ್ತಿರಲಿಲ್ಲ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಇನ್ನು ಎದೆಯ ಮೇಲೆ ಇಟ್ಟುಕೊಳ್ಳಬಹುದು ಎಂದರು. ಅಷ್ಟರಲ್ಲಿ ಹೆಂಡತಿ ಜ್ವರ ಬಂದು ಏಳಲಾಗದೆ ಮಲಗಿದ್ದಳು. ನಮ್ಮ ಅವ್ವ ಊರಿನಲ್ಲಿದ್ದಳು, ಮಾರ್ಟಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಗೆ ಕೆಮ್ಮು. ಮನೆಯವರು ಬೇರೆ ಯಾರಿದ್ದಾರೆ ಎಂದು ನರ್ಸು ಕೇಳಿದ್ದೇ ತಡ, ಆಸ್ಪತ್ರೆಗೆ ಬಂದು ಕುಳಿತಿದ್ದ ದೊಡ್ಡವ್ವ ನನ್ನತ್ತ ತಿರುಗಿದಳು.

"ಬಿಚ್ಚಲೇ ಅಂಗಿ!"

"ಐಯ್ಯಯ್ಯೋ, ಮಾಪ್ಳೆ ಬರಿಮೈಲಿ ಕೂಸು ಕಟ್ಕಳ್ಳೋದಾ?" ಎಂದು ಅತ್ತೆ ಬಾಯಿಗೆ ಸೆರಗು ಹಿಡಿದರು; ಅವರ ಕಡೆ ಅಳಿಯನಿಗೆ ಮಾಪ್ಳೆ ಎನ್ನುತ್ತಾರೆ. ನಮ್ಮಲ್ಲಿ ಹೆಸರಿಡುವ ತನಕ ಗಂಡಸು ಕೂಸನ್ನು ಸರಿಯಾಗಿ ಮುಟ್ಟುವುದೂ ಇಲ್ಲ, ಇನ್ನು ಅಳಿಯ! "ಎದೆ ತುಂಬ ಕೂದ್ಲು ಬೇರೆ, ಕೂಸಿಗೆ ಚುಚ್ಚಲ್ವಾ?"

"ಬಿಳಿಗಿರಿ ಬೆಟ್ಟದ್ ಕರಡಿ ಮರಿ ಸಾಕಲ್ವೇನವ್ವ? ಅದ್ರ ಮರೀಗೆ ಚುಚ್ಚತದಾ?"

ಕರಡಿಯಾದೆ. ಕೂಸಿಗೆ ಟೋಪಿ, ಕಾಲುಚೀಲ ಹಾಕಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕಪ್ಪೆಯ ಹಾಗೆ ಕಾಲು ಮಡಿಸಿ, ನನ್ನ ಎದೆಗೆ ಹತ್ತಿ ಸೀರೆಯ ತುಂಡಿನಲ್ಲಿ ಬಿಗಿದರು. ಸುದ್ದಿ ಹಬ್ಬಿ, ಪಕ್ಕದ ವಾರ್ಡಿನ ನೆಂಟರೆಲ್ಲ ಬಾಗಿಲಿನಲ್ಲಿ ಇಣುಕಿದರು. "ಗಂಡ್ಸು ಬಾಣ್ತಿ ಆಗವ್ನಾ?" ಎಂದು ಒಬ್ಬ ಅಜ್ಜಿ ಕೇಳಿದಳು. ನನಗೆ ನಾಚಿಕೆಯಿಂದ ಬೆವರು ಬಂತು. "ಒಳ್ಳೇದೇ, ಬೆಚ್ಚಗಿರ್ತದೆ ಬುಡು" ಎಂದಳು ದೊಡ್ಡವ್ವ.

ಮೂರನೆಯ ದಿನ ಮಧ್ಯಾಹ್ನ ಕೂಸು ಹಾಲು ಸರಿಯಾಗಿ ಕುಡಿಯಲಿಲ್ಲ. ಡಾಕ್ಟರು ಬಂದು ನೋಡಿ, ಕಾದು ನೋಡೋಣ ಎಂದು ಹೋದರು. ಎದೆಯ ಮೇಲಿನ ಉಸಿರು ಗುಬ್ಬಚ್ಚಿಯ ಉಸಿರಿನಷ್ಟು. ನನಗೆ ತಡೆಯಲಾಗಲಿಲ್ಲ.

"ದೊಡ್ಡವ್ವ, ಉಳೀತದಾ?"

"ಸಾವ್ರಾರು ಮಕ್ಳಲ್ಲಿ ನೋಡವ್ರೆ ಕಣ್ ಮಗಾ. ಇಂಗೆ ಮಡಿಕಂಡ್ರೆ ಜಾಸ್ತಿ ಮಕ್ಳು ಉಳೀತವೆ."

"ನಮ್ದು?"

ಬಸ್ ಸ್ಟ್ಯಾಂಡಿನಲ್ಲಿ, ಮೀಟಿಂಗಿನಲ್ಲಿ, ಪ್ರಪಂಚದ ಎದುರಿಗೆ ಬಾಯಿ ಜೋರಿನವಳು ಮೆಲ್ಲಗೆ ಕೂಸಿನ ಟೋಪಿಯ ಮೇಲೆ ಕೈಯಿಟ್ಟಳು. "ಎಲ್ಲಾ ಮಕ್ಳುದ್ದೂ ಸೇರ್ಸಿ ಏಳ್ಬೋದು. ಇದೊಂದ್ರುದ್ದು ನಂಗೊತ್ತಿಲ್ಲ ಕಣಪ್ಪ. ನೀ ಕೆಳೀಕ್ ಮಾತ್ರ ಇಳುಸ್ಬ್ಯಾಡ" ಎಂದಳು. ಎಷ್ಟೋ ಕೂಸುಗಳನ್ನು ಹಿಡಿದ ಕೈ ಅದು. ಸುಳ್ಳು ಧೈರ್ಯ ಹೇಳದ ಅವಳ ಮೇಲೆ ಆಗ ಸಿಟ್ಟು ಬಂತು. ಈಗ ಯೋಚಿಸಿದರೆ, ನನ್ನ ಜೀವನದಲ್ಲಿ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟಿಲ್ಲ ಅನಿಸುತ್ತದೆ.

ನಾನು ಇಳಿಸಲಿಲ್ಲ. ಹೆಂಡತಿಯ ಜ್ವರ ಬಿಟ್ಟ ಮೇಲೆ ಅವಳೂ ನಾನೂ ಸರದಿಯ ಮೇಲೆ ಹೊತ್ತೆವು. ನನ್ನ ಸರದಿ ಮುಗಿದಾಗ ಎದೆ ಖಾಲಿಖಾಲಿ ಅನಿಸುತ್ತಿತ್ತು. ಕೆಮ್ಮು ವಾಸಿಯಾದ ಅತ್ತೆ ಕೊನೆಗೆ "ಮಾಪ್ಳೆ, ಒಸಿ ಹೊತ್ತು ನಂಗೂ ಕೊಡಿ" ಎಂದು ಜಗಳಕ್ಕೇ ಬಂದರು!

ಮೊನ್ನೆ ಮಧುವನಹಳ್ಳಿಗೆ ಹೋಗಿದ್ದೆವು. ಮೀಟಿಂಗು ನಡೆಯುತ್ತಿತ್ತು. ನಮ್ಮ ಮಗಳಿಗೀಗ ಎಂಟು ತಿಂಗಳು, ಹುಂಜದ ಬಾಲಕ್ಕೇ ಕೈ ಹಾಕುತ್ತಾಳೆ. ದೊಡ್ಡವ್ವ ಅವಳನ್ನು ಎತ್ತಿ ಕಂಪ್ಯೂಟರಿನ ಎದುರು ಹಿಡಿದಳು. "ಅಪ್ಪ ಇಡ್ಕಂಡಿದ್ ನೋಡಿದೀರಾ ಅಂತ ಕೇಳಿದ್ರಲ್ಲ ಸಾ. ನೋಡ್ದೆ."

ನರೆಗೂದಲ ಡಾಕ್ಟರು ನಕ್ಕು, ಎಷ್ಟು ಜನರನ್ನು ಎಂದು ಕೇಳಿದರು.

"ಒಂದು" ಎಂದಳು ದೊಡ್ಡವ್ವ. ಆಮೇಲೆ ಮಗುವಿನ ನೆತ್ತಿಗೆ ಮೂಗು ಒತ್ತಿ, ತನ್ನಷ್ಟಕ್ಕೇ ಎಂಬಂತೆ ಹೇಳಿದಳು: "ಒಂದಗುಳು ಲೆಕ್ಕಕ್ಕಿಲ್ಲ ಅಂತ ನಂಗೂ ಗೊತ್ತು. ನಂಗೆ ಇಷ್ಟು ಸಾಕು ಕಣವ್ವ."

ಅದನ್ನು ಡಾಕ್ಟರಮ್ಮ ಇಂಗ್ಲಿಷಿಗೆ ದಾಟಿಸಲಿಲ್ಲ. ಮಲಾವಿಯವಳು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.