ಕೈ ಮುಗಿದು ಬಿಟ್ಟು ಬಂದ ಕಲ್ಲು

ನಮ್ಮ ಕಡೆ ಒಬ್ಬ ಮನುಷ್ಯ ಡಿಗ್ರಿ ಮಾಡಿದನೆಂದರೆ ಅವನಿಗೆ ಎಲ್ಲವೂ ಗೊತ್ತಿರುತ್ತದೆಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಡುತ್ತಾರೆ. ಹಸು ಮೇವು ಬಿಟ್ಟರೆ ಅವನನ್ನು ಕೇಳುತ್ತಾರೆ, ಸೊಸೆ ಮುನಿಸಿಕೊಂಡರೆ ಅವನನ್ನು ಕೇಳುತ್ತಾರೆ, ಬೋರ್‌ವೆಲ್ಲಿಗೆ ಜಾಗ ಹುಡುಕುವಾಗಲೂ ಅವನನ್ನೊಮ್ಮೆ ಕರೆತಂದು ಬಿಸಿಲಲ್ಲಿ ನಿಲ್ಲಿಸುತ್ತಾರೆ. ಇದರಲ್ಲಿ ಅವರ ತಪ್ಪು ಕಡಿಮೆ. ನಾಲ್ಕು ಜನ ನಾಲ್ಕು ವರ್ಷ ಕೇಳುತ್ತಾ ಹೋದರೆ, ಕೇಳಿಸಿಕೊಂಡವನಿಗೇ ತನಗೆ ಗೊತ್ತಿದೆ ಎನಿಸತೊಡಗುತ್ತದೆ ನೋಡಿ, ಅಪಾಯ ಇರುವುದು ಅಲ್ಲಿ. ನಾನು ಓದಿದ್ದು ಇತಿಹಾಸ, ಹುಣಸೂರಿನಲ್ಲಿ ಕಾಲೇಜು ಹುಡುಗರಿಗೆ ಹೇಳಿಕೊಡುವುದೂ ಇತಿಹಾಸವೇ. ಕಾರಿನ ಬಗ್ಗೆ ನನಗಿದ್ದ ಜ್ಞಾನ, ಅದಕ್ಕೆ ನಾಲ್ಕು ಗಾಲಿ ಇರುತ್ತವೆ, ಐದನೆಯದನ್ನು ಹಿಂದೆ ಬಚ್ಚಿಟ್ಟಿರುತ್ತಾರೆ ಎಂಬಷ್ಟೇ. ಆದರೂ ಅಕ್ಕ ಹಳೆಯ ಕಾರು ಕೊಳ್ಳಲು ಹೊರಟಾಗ ಅದನ್ನು ಪರೀಕ್ಷಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದು ಸುಳ್ಳು. ನಾನೇ ಕೈ ಚಾಚಿ ತೆಗೆದುಕೊಂಡೆ.

ಅಕ್ಕನಿಗೆ ಕಾರು ಶೋಕಿಗೆ ಬೇಕಾಗಿರಲಿಲ್ಲ. ಅವಳ ಮನೆ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ, ಪಾಠ ಹೇಳುವ ಶಾಲೆ ಕಾಡಂಚಿನ ಎನ್. ಬೇಗೂರಿನ ಆಚೆ. ಸಂಜೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸ್ಕೂಟರಿನಲ್ಲಿ ಓಡಾಡುತ್ತಿದ್ದಳು. ಒಂದು ಸಂಜೆ ತಿರುವಿನಲ್ಲಿ ಆನೆ ನಿಂತಿತ್ತು. ಅಕ್ಕ ಸ್ಕೂಟರ್ ಆಫ್ ಮಾಡಿ, ತಾನೂ ಆಫ್ ಆಗಿ ನಿಂತುಬಿಟ್ಟಿದ್ದಾಳೆ. ಕೇರಳದ ಕಡೆಯಿಂದ ಬಂದ ಲಾರಿಯವನೊಬ್ಬ ಅವಳ ಸ್ಕೂಟರನ್ನು ಲಾರಿಯ ಮಗ್ಗುಲ ಮರೆಯಲ್ಲೇ ಬರಲು ಹೇಳಿ ಆನೆಯನ್ನು ದಾಟಿಸಿದನಂತೆ. ಮನೆಗೆ ಬಂದವಳೇ, "ಆನೆಗೂ ನನಗೂ ಮಧ್ಯೆ ಒಂದು ಬಾಗ್ಲಾದ್ರೂ ಇರ್ಲಿ ಕಣೋ, ತಗಡಿಂದಾದ್ರೂ ಪರವಾಗಿಲ್ಲ" ಎಂದಳು. ಅವಳ ಉಳಿತಾಯಕ್ಕೆ ಸಿಗುವಂಥದು ನಿಜಕ್ಕೂ ತಗಡಿನ ಬಾಗಿಲೇ ಆಗಿತ್ತು.

ಮಾರುವವರು ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯವರು, ಮಹದೇವಪ್ಪ ಅಂತ. ಹೊಗೆಸೊಪ್ಪು ಬೆಳೆಯುವ ಶಿವಭಕ್ತರು. ಕಣ್ಣಿಗೆ ಪೊರೆ ಬಂದು ಓಡಿಸಲು ಆಗುತ್ತಿಲ್ಲವೆಂದು ಬಿಳಿಯ ಸಣ್ಣ ಕಾರು ಮಾರುತ್ತಿದ್ದರು. ಗೊಬ್ಬರದ ಅಂಗಡಿ ಇಟ್ಟಿರುವ ಭಾವ, "ಒಬ್ಬ ಮೆಕ್ಯಾನಿಕ್ಕನ್ನ ಕರ್ಕಂಡ್ ಹೋಗ್ರಪ್ಪಾ" ಎಂದರು. "ಅದೆಲ್ಲ ದಂಡದ ಖರ್ಚು ಭಾವ, ನಾನಿಲ್ವಾ?" ಎಂದೆ. ಭಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇದೀಯ, ಅದ್ಕೇ ಹೇಳ್ದೆ" ಎಂದು ಅಂಗಡಿಗೆ ಹೋದರು. ಆ ಮಾತಿನ ತೂಕ ಈಗ ನನಗೆ ಸರಿಯಾಗಿ ಗೊತ್ತಾಗಿದೆ.

ಕಾರು ಅವರ ಮನೆಯಂಗಳದಲ್ಲಿ, ಹೊಗೆಸೊಪ್ಪನ್ನು ಕಾವು ಕೊಟ್ಟು ಒಣಗಿಸುವ ಬ್ಯಾರನ್ ಮನೆಯ ಪಕ್ಕ ನಿಂತಿತ್ತು. ನಾನು ಕನ್ನಡಕ ಒರೆಸಿಕೊಂಡು ಒಂದು ಸುತ್ತು ಬಂದೆ. ಬಾಗಿಲು ತೆಗೆದೆ, ಹಾಕಿದೆ. ಹಾರ್ನ್ ಒತ್ತಿದೆ. ಟೈರನ್ನು ಕಾಲಿನಿಂದ ಒದ್ದೆ. ಯಾಕೆ ಒದೆಯುತ್ತಾರೋ ನನಗೆ ಗೊತ್ತಿಲ್ಲ, ಒದ್ದವರ ಮುಖದಲ್ಲಿ ಒಂದು ಗಾಂಭೀರ್ಯ ಬರುವುದನ್ನು ಮಾತ್ರ ನೋಡಿದ್ದೆ. ಹಾಗೆ ಹಿಂದಿನ ಗಾಲಿಯ ಹತ್ತಿರ ಬಂದಾಗ ಅದರ ಬುಡದಲ್ಲಿ ಒಂದು ಕಪ್ಪು ಕಲ್ಲು ಕಂಡಿತು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ದುಂಡಗೆ. ಮೈಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಒಣಗಿದ ಒಂದು ಚೆಂಡುಹೂವು. ನಾನು ಒದೆಯಲೆಂದು ಎತ್ತಿದ್ದ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡೆ.

ಇತಿಹಾಸದವರ ಕಷ್ಟ ಇತರರಿಗೆ ತಿಳಿಯುವುದಿಲ್ಲ. ನಾವು ಬಟ್ಟೆ ಒಗೆಯುವ ಬಂಡೆಯಲ್ಲೂ ಶಾಸನ ಹುಡುಕುವ ಜನ. ಒಮ್ಮೆ ಕೆ.ಆರ್. ನಗರದ ಕಡೆಯ ಹಳ್ಳಿಯೊಂದರಲ್ಲಿ ವೀರಗಲ್ಲು ಸಿಕ್ಕಿತೆಂದು ವಿದ್ಯಾರ್ಥಿಗಳನ್ನೆಲ್ಲ ಸೇರಿಸಿ ಅರ್ಧ ಗಂಟೆ ಮಾತಾಡಿದ್ದೆ. ಆಮೇಲೆ ಮನೆಯಾಕೆ ಬಂದು, "ಸಾ, ವಸಿ ಜರುಗಿ, ಎಮ್ಮೆ ಕಟ್ಬೇಕು" ಎಂದು ಅದಕ್ಕೇ ಹಗ್ಗ ಸುತ್ತಿದ್ದಳು. ಅಷ್ಟಾದರೂ ಬುದ್ಧಿ ಬಂದಿರಲಿಲ್ಲ. ಅಕ್ಕ ಕಾರು ತೆಗೆಯುವ ಮೊದಲು ಮಹದೇವಪ್ಪನವರು ಬಗ್ಗಿ, ಆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ ಗೋಡೆಯ ಬದಿಗೆ ಇಟ್ಟರು. ಎಂಥ ಭಕ್ತಿ ಎಂದುಕೊಂಡೆ. ಅವರಿಗೆ ಸೊಂಟ ನೋವು ಎಂದು ಆಮೇಲೆ ತಿಳಿಯಿತು.

ಅಕ್ಕ ಊರಿನ ದಾರಿಯಲ್ಲಿ ಓಡಿಸಿ ನೋಡಿದಳು. ಕಾರು ಹೋಯಿತು, ನಿಲ್ಲಿಸಿದಾಗ ನಿಂತಿತು, ರೇಡಿಯೋ ಕೂಡ ಹಾಡಿತು. ಇದಕ್ಕಿಂತ ಇನ್ನೇನು ಬೇಕೆಂದು ನಾನು ತಲೆಯಾಡಿಸಿದೆ. ಕಾಗದಕ್ಕೆ ಸಹಿಯಾಯಿತು. ನಾವು ಹೊರಡುವಾಗ ಮಹದೇವಪ್ಪನವರ ಹೆಂಡತಿ ಗೌರಮ್ಮ ಆ ಕಲ್ಲನ್ನು ಸೊಂಟದ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದರು. "ಇದ್ನೂ ಹಿಂದ್ಗಡೆ ಮಡಿಕಳಿ ಸಾ, ಗಾಡಿ ಜತೆದು."

ಮನೆಯಲ್ಲಿ ಪೂಜೆಗೊಂಡದ್ದನ್ನು ಗಾಡಿಯೊಂದಿಗೆ ಧಾರೆ ಎರೆಯುತ್ತಿದ್ದಾರಲ್ಲ! ಚಪ್ಪಲಿ ಬಿಟ್ಟೆ, ಕಲ್ಲಿಗೆ ಕೈ ಮುಗಿದೆ. "ಬೇಡಮ್ಮ, ಇದು ನಿಮ್ಮ ಮನೇಲೇ ಇರಬೇಕು. ನಾವು ತಗೊಂಡು ಹೋಗೋದು ಧರ್ಮ ಅಲ್ಲ" ಎಂದೆ. ಗೌರಮ್ಮ ಗಂಡನ ಮುಖ ನೋಡಿದರು. ಮಹದೇವಪ್ಪನವರು, "ಬುಡು, ಅವ್ರೂರಲ್ಲಿ ಕಲ್ಲಿಗೇನ್ ಬರವಾ?" ಎಂದರು. ದೇವರನ್ನು ಎಲ್ಲೆಡೆಯೂ ಕಾಣುವ ದೊಡ್ಡ ಮನಸ್ಸು ಎಂದುಕೊಂಡೆ. ದಾರಿಯುದ್ದಕ್ಕೂ, ಹುಣಸೂರು ದಾಟಿದ ಮೇಲೂ, ಅಕ್ಕನಿಗೆ ಶಿಲಾಪೂಜೆಯ ಪರಂಪರೆಯ ಬಗ್ಗೆ ಹೇಳಿದೆ. ಅವಳು ಪಾಪ, ಮೊದಲ ಸಲ ತನ್ನದೇ ಸ್ಟೀರಿಂಗ್ ಹಿಡಿದ ಸಂತೋಷದಲ್ಲಿ ಎಲ್ಲಕ್ಕೂ ಹೂಂ ಹೂಂ ಎನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ಗಾಡಿಪೂಜೆ. ಅಕ್ಕನ ಮನೆಯ ಬೀದಿ ಮೇಲಿನಿಂದ ಜಾರಿಕೊಂಡು ಹೋಗಿ ಬಸ್ಸಿನ ರಸ್ತೆ ಸೇರುತ್ತದೆ. ಕಾರು ಆ ಇಳಿಜಾರಿಗೆ ಮುಖ ಮಾಡಿ ನಿಂತಿತ್ತು. ಅಕ್ಕ ಡ್ರೈವಿಂಗ್ ಸ್ಕೂಲಿನವರು ಹೇಳಿದಂತೆ ಗೇರಿನಲ್ಲಿ ನಿಲ್ಲಿಸಿದ್ದಳು. ನಾನು ಒಳಗೆ ಕುಳಿತು ಬಟ್ಟೆಯಿಂದ ಒರೆಸುವಾಗ ಗೇರಿನ ಕೋಲನ್ನು ಆಚೀಚೆ ಅಲ್ಲಾಡಿಸಿ, ಗೇರು ತಪ್ಪಿಸಿ ಸಡಿಲವಾಗಿ ಬಿಟ್ಟೆ, ಹ್ಯಾಂಡ್‌ಬ್ರೇಕನ್ನು ಎಳೆದೆ. ಕಟಕಟ ಎಂದು ಗಟ್ಟಿಯಾಗಿ ಸದ್ದು ಬಂತು. ಅಷ್ಟು ಸದ್ದು ಮಾಡುವಂಥದು ಕೆಲಸ ಮಾಡದೆ ಇರುತ್ತದೆಯೇ? ಮೇಷ್ಟರಾದ ನನಗೆ ಹಾಗೆ ಅನ್ನಿಸಿದ್ದು ಸಹಜ. ಕೆಳಗಿಳಿದೆ. ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣನ್ನು ಮೊದಲೇ ಇಟ್ಟಿದ್ದೆ. ಆ ಕಾರನ್ನು ಹಿಡಿದು ನಿಲ್ಲಿಸಿದ್ದು ಆ ನಿಂಬೆಹಣ್ಣುಗಳು ಮಾತ್ರ ಎಂಬುದು ಆಗ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾರಿನ ಬಾಗಿಲ ಪಕ್ಕವೇ ನಿಂತಿದ್ದ ನನ್ನ ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದರಲ್ಲಿ ತೆಂಗಿನಕಾಯಿ. ಅಕ್ಕ ಮುಂದೆ ನಿಂತು ಬಾನೆಟ್ಟಿಗೆ ಹಾರ ಕಟ್ಟಿದಳು, ಆಮೇಲೆ ನಂಬರ್ ಪ್ಲೇಟಿಗೆ ಕುಂಕುಮ ಇಡಲು ಬಗ್ಗಿದಳು. ಭಾವ ಹಿಂದುಗಡೆ ಡಿಕ್ಕಿಯ ಬಾಗಿಲನ್ನು ದಡಾರನೆ ಹಾಕಿದರು. ಪಚಕ್ ಎಂದು ನಿಂಬೆಹಣ್ಣು ಒಡೆದ ಸದ್ದು. ಎದುರು ಮನೆಯಾಕೆ, "ನೋಡ್ರವ್ವಾ, ತಾನಾಗೇ ಒಡೀತು, ಒಳ್ಳೆ ಶಕುನ!" ಎಂದರು. ಶಕುನ ನಿಲ್ಲಲಿಲ್ಲ, ಮುಂದೆ ಬಂತು.

ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಮತ್ತೆ ನಡೆಸಿದ್ದೇನೋ. ಪ್ರತಿ ಸಲವೂ ತಟ್ಟೆಯನ್ನು ಎಸೆದು ಓಡುತ್ತೇನೆ, ಅಕ್ಕನ ಕೈ ಹಿಡಿದು ಎಳೆಯುತ್ತೇನೆ. ನಿಜದಲ್ಲಿ ನಾನು ಮಾಡಿದ್ದು, ಕರ್ಪೂರ ಆರಬಾರದೆಂದು ತಟ್ಟೆಯನ್ನು ಎದೆಗೆ ಹತ್ತಿರ ಹಿಡಿದು, "ಅಕ್ಕಾ, ಕಾರು!" ಎಂದು ಕೂಗಿದ್ದು. ಅಕ್ಕ ತಲೆಯೆತ್ತಿದಳು. ನಗುತ್ತಿದ್ದಳು. ಓಡಲಿಲ್ಲ. ಬಂಪರು ಮೊಣಕಾಲಿಗೆ ತಾಗಿದ ಮೇಲೆ ಹಿಂದಕ್ಕೆ ಹೆಜ್ಜೆಯಿಟ್ಟು, ಎಡವಿ, ಚರಂಡಿಯ ಕಡೆಗೆ ಬಿದ್ದಳು. ಗಾಲಿ ಅವಳ ಸೆರಗಿನ ಮೇಲೆ ಹಾದುಹೋಯಿತು. ಸೆರಗಿನ ಮೇಲೆ. ಒಂದು ಮೊಳ ಆಚೆ ಅವಳ ತೋಳಿತ್ತು.

ಕಾರು ಹಾರ ಹಾಕಿಕೊಂಡು ಮದುವೆ ಗಂಡಿನಂತೆ ಇಳಿಯುತ್ತಾ ಹೋಯಿತು. ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ಕಿರುಚಿಕೊಂಡು ಚದುರಿದರು. ಆದರೆ ರಸ್ತೆಗೆ ಸ್ವಲ್ಪ ಮೊದಲೇ, ಮನೆ ಕಟ್ಟಿಸುತ್ತಿದ್ದ ನೆರೆಯವರು ಸುರಿಸಿದ್ದ ಮರಳಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಬೀದಿಗೆ ಮರಳು ಸುರಿದಿದ್ದಾರೆಂದು ಅಕ್ಕ ಅವರೊಡನೆ ಜಗಳವಾಡಿ ಮಾತು ಬಿಟ್ಟಿದ್ದಳು. ಈಗ ಅವರ ಮನೆಗೆ ಕಜ್ಜಾಯ ಮಾಡಿದಾಗಲೆಲ್ಲ ಕಳಿಸುತ್ತಾಳೆ.

ನಾನು ಹತ್ತಿರ ಓಡಿದಾಗ ಅಕ್ಕ ನೆಲದ ಮೇಲೆ ಕುಳಿತು ಸೆರಗಿನ ಮೇಲಿನ ಟೈರಿನ ಗುರುತನ್ನು ನೋಡುತ್ತಿದ್ದಳು. ಬೈಯಲಿಲ್ಲ. "ನೀನು ಇನ್ನೂ ಒಳಗೇ ಇದೀಯ, ಬ್ರೇಕ್ ಒತ್ತೀಯ ಅಂದ್ಕಂಡೆ ಕಣೋ. ಅದ್ಕೇ ಓಡ್ಲಿಲ್ಲ" ಎಂದಳು. ಬೈದಿದ್ದರೆ ಇಷ್ಟು ದಿನಕ್ಕೆ ಮರೆತಿರುತ್ತಿದ್ದೆ.

ತಪ್ಪನ್ನು ಯಾರ ಮೇಲಾದರೂ ಹಾಕದೆ ಓದಿದವನಿಗೆ ನಿದ್ದೆ ಬರುವುದಿಲ್ಲ. ಕೆಟ್ಟ ಗಾಡಿಯನ್ನು ತಲೆಗೆ ಕಟ್ಟಿದರೆಂದು ಮರುದಿನ ಬೆಳಿಗ್ಗೆಯೇ ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ಮೋಸ, ನಂಬಿಕೆದ್ರೋಹ, ಮನುಷ್ಯತ್ವ ಎಂಬ ಪದಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅವರ ಅಂಗಳಕ್ಕೆ ಕಾಲಿಟ್ಟು ಕಾರು ಉರುಳಿದ್ದನ್ನು ಹೇಳಿದೆನೋ ಇಲ್ಲವೋ, ಗೌರಮ್ಮ ಎದೆ ಹಿಡಿದುಕೊಂಡು, "ಮೇಡಮ್ಮಾರಿಗೆ ಏನಾರ ಆಯ್ತಾ?" ಎಂದರು. ಏನೂ ಆಗಲಿಲ್ಲವೆಂದ ಮೇಲೆ ಕಣ್ಣೊರೆಸಿಕೊಂಡು, "ಕಲ್ಲು ಕೊಟ್ಟಿರ್ಲಿಲ್ವಾ ಗಾಲಿಗೆ?" ಎಂದರು.

"ಯಾವ ಕಲ್ಲು?"

"ನಾನ್ ತಂದ್ಕೊಟ್ನಲ್ಲಪ್ಪಾ. ನೀವು ಚಪ್ಲಿ ಬುಟ್ಟು, ಕೈ ಮುಗ್ದು, ಬ್ಯಾಡ ಅಂದ್ರಿ."

ಆಯುಧಪೂಜೆಯಲ್ಲಿ, ಅಮಾವಾಸ್ಯೆಗಳಲ್ಲಿ ಕುಡುಗೋಲಿಗೆ, ಗುದ್ದಲಿಗೆ, ಪಂಪ್‌ಸೆಟ್ಟಿಗೆ, ಕಾರಿಗೆ ವಿಭೂತಿ ಇಟ್ಟ ಕೈ, ಕಾರನ್ನು ನಿಲ್ಲಿಸುವ ಕಲ್ಲಿಗೂ ಇಟ್ಟಿತ್ತು. ಕೆಲಸ ಮಾಡುವುದಕ್ಕೆಲ್ಲ ಇಡುತ್ತಾರೆ. ನಮ್ಮ ತಾಯಿಯೂ ಒಲೆಗೆ, ಮೊರಕ್ಕೆ ಇಡುತ್ತಿದ್ದರು. ಇದು ನನಗೆ ಗೊತ್ತಿಲ್ಲದ ವಿಷಯವೇ? ಅಂದು ಹೊಳೆಯಲಿಲ್ಲ, ಅಷ್ಟೆ. ಮಹದೇವಪ್ಪನವರು ತಲೆ ತಗ್ಗಿಸಿದರು. "ತಪ್ಪು ನಂದೇಯ. ಹ್ಯಾಂಡ್‌ಬ್ರೇಕ್ ಇಡಿಯಕಿಲ್ಲ ಅಂತ ಬಾಯ್ಬುಟ್ಟು ಏಳ್ಬೇಕಾಗಿತ್ತು. ಕಲ್ಲು ನೋಡುದ್ ಮ್ಯಾಲೆ ಗೊತ್ತಾಗಿರ್ತದೆ, ಕಾಲೇಜ್ ಮೇಷ್ಟ್ರು ಅಂದ್ಕಂಡೆ." ಕಾಫಿ ಕುಡಿದು, ಕಲ್ಲನ್ನು ಕೇಳಿ ಪಡೆದು ಹೊರಟೆ.

ಬಸ್ಸಿನಲ್ಲಿ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಪಕ್ಕದ ಅಜ್ಜಿ ಸೆರಗು ಹೊದ್ದು, "ಯಾವ್ ದೇವ್ರು ಸಾಮಿ ಇದು?" ಎಂದರು. ದೇವರಲ್ಲ ಎನ್ನಲು ನನಗೆಲ್ಲಿಯ ಮುಖ? "ಗಾಡಿ ದೇವ್ರು ಅಜ್ಜಿ" ಎಂದೆ. ಅಜ್ಜಿ ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಲಗೇಜಿನ ಚೀಟಿ ಹರಿಯಲು ಬಂದ ಕಂಡಕ್ಟರ್ ಕೂಡ ಚೀಟಿ ಬಿಟ್ಟು ಕೈ ಮುಗಿದು ಮುಂದೆ ಹೋದ.

ಹ್ಯಾಂಡ್‌ಬ್ರೇಕ್ ರಿಪೇರಿಯಾಯಿತು. ಭಾವ ಮೆಕ್ಯಾನಿಕ್ಕನ್ನು ಕರೆಸಿ, ನನ್ನನ್ನು ದೂರದ ಕುರ್ಚಿಯಲ್ಲಿ ಕೂರಿಸಿ ಮಾಡಿಸಿದರು. ಆದರೆ ಕಾರು ರಿಪೇರಿಯಾದಷ್ಟು ಬೇಗ ಅಕ್ಕ ಆಗಲಿಲ್ಲ. ಕಾರಿನ ಮೇಲೆ ಟಾರ್ಪಾಲು ಹೊದಿಸಿ ಮತ್ತೆ ಸ್ಕೂಟರ್ ಹತ್ತಿದಳು. ಬಾಗಿಲು ಬೇಕೆಂದು ಕೇಳಿದ್ದವಳು ಮತ್ತೆ ಬಯಲಲ್ಲೇ ಆನೆಯ ದಾರಿಯಲ್ಲಿ ಹೋಗಿಬರುತ್ತಿದ್ದಳು. ಸಂಜೆಯಾದರೆ ಫೋನ್ ಮಾಡುತ್ತಿದ್ದೆ. "ಬಂದ್ಯಾ ಅಕ್ಕ?" "ಬಂದೆ ಬುಡು." ಅಷ್ಟೇ ಮಾತು. ಫೋನಿಟ್ಟ ಮೇಲೆ ಚಿತ್ರಾನ್ನ ಮಾಡಿದ್ದರೆ ತಟ್ಟೆ ದೂಡುತ್ತಿದ್ದೆ. ನಿಂಬೆಹಣ್ಣಿನ ವಾಸನೆ ನನಗೆ ಈಗಲೂ ಆಗುವುದಿಲ್ಲ. ನನ್ನ ಹೆಂಡತಿ ಇದನ್ನು ಪಿತ್ತ ಎಂದುಕೊಂಡಿದ್ದಾಳೆ.

ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ಸಂಜೆ ಅವಳದೇ ಫೋನು ಬಂತು. "ಇವತ್ತು ಮತ್ತೆ ನಿಂತಿತ್ತು ಕಣೋ, ಅದೇ ತಿರುವಲ್ಲಿ. ಗಾಜು ಏರಿಸ್ಕಂಡು ಕೂತಿದ್ದೆ. ಹೋಯ್ತು." ಗಾಜು ಎಂದಳು. ಸ್ಕೂಟರಿಗೆ ಗಾಜಿಲ್ಲ ಎಂಬುದು ನನಗೂ ಗೊತ್ತು.

ಆ ವರ್ಷ ಆಯುಧಪೂಜೆಗೆ ಹ್ಯಾಂಡ್‌ಪೋಸ್ಟಿಗೆ ಹೋದೆ. ಅದೇ ಬೀದಿ, ಅದೇ ಇಳಿಜಾರು. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿದ್ದರೂ ಅಕ್ಕ ಕಲ್ಲು ಬಿಟ್ಟಿಲ್ಲ. ಅದನ್ನು ಗಾಲಿಗೆ ಕೊಡುವುದಷ್ಟೇ ಈಗ ಆ ಮನೆಯಲ್ಲಿ ಕಾರಿಗೆ ಸಂಬಂಧಿಸಿದಂತೆ ನನಗೆ ಒಪ್ಪಿಸಿರುವ ಕೆಲಸ. ಕಲ್ಲು ಕೊಟ್ಟು ಎದ್ದು, ಅದು ಕಚ್ಚಿ ಕೂತಿದೆಯೇ ಎಂದು ಎರಡು ಸಲ ಒದ್ದು ನೋಡಿದೆ. ಈ ಸಲ ಯಾಕೆ ಒದೆಯುತ್ತಾರೆಂದು ಗೊತ್ತಿತ್ತು. ಅಕ್ಕ ಆರತಿ ತಟ್ಟೆ ಚಾಚಿದಳು. "ಹಿಡ್ಕೊ."

"ತಟ್ಟೆ ಭಾವನಿಗೆ ಕೊಡಕ್ಕ, ನನ್ನ ಕೈ ಖಾಲಿ ಇರ್ಲಿ" ಎಂದೆ.

ಅಕ್ಕ ತಟ್ಟೆಯನ್ನು ಭಾವನಿಗೆ ಕೊಟ್ಟು, ಬಾನೆಟ್ಟಿಗೆ ಕುಂಕುಮ ಇಟ್ಟಳು, ಸ್ಟೀರಿಂಗಿಗೆ ಇಟ್ಟಳು, ಬಗ್ಗಿ ಕಲ್ಲಿಗೂ ಇಟ್ಟಳು. ಆಮೇಲೆ ಅದೇ ಬೆರಳನ್ನು ತಂದು ನನ್ನ ಹಣೆಗೆ ಒತ್ತಿದಳು. "ಗಾಡಿ ಜತೆದಕ್ಕೆಲ್ಲ ಇಡ್ಬೇಕಲ್ಲಪ್ಪಾ. ಆದ್ರೆ ನೋಡ್ಲಾ, ಕಲ್ಲು ನಿನ್ನಂಗಲ್ಲ, ತನ್ನ ಕೆಲ್ಸ ಬಿಟ್ಟು ಇನ್ನೊಂದು ಮಾತಾಡಲ್ಲ."