ದುಗ್ಗಪ್ಪನ ಸರಕಾರಿ ಪೈರು

ದುಗ್ಗಪ್ಪನಿಗೆ ಸಿಟ್ಟು ಬರಲು ಕಾರಣ ಬೇಡ, ಇಳಿಯಲು ಮಾತ್ರ ಬೇಕು. ಆ ವರ್ಷ ಇಳಿಸಿದ್ದು ಸಾಕ್ಷಾತ್ ಸರಕಾರ. ಯುದ್ಧದ ಕಾಲ. ರೇಷನ್ನಿನಲ್ಲಿ ಅಕ್ಕಿ ಅಳೆದು ಕೊಡುತ್ತಿದ್ದರು (ಕಲ್ಲು ಮಾತ್ರ ಧಾರಾಳ). ಹಿತ್ತಿಲಿನಲ್ಲಿ ಭತ್ತ ಬೆಳೆದವರಿಗೆ ಸಹಾಯಧನ ಉಂಟೆಂದು ಡಂಗುರ ಹೊಡೆದರು. ಷರತ್ತು ಒಂದೇ: ಇನ್ಸ್‌ಪೆಕ್ಟರು ನೋಡಲು ಬಂದಾಗ ಪೈರು ತೆನೆ ಸಮೇತ ನಿಂತಿರಬೇಕು.

ಮಂಗಳೂರಿನ ಬಂದರಿನಲ್ಲಿ ಹಗ್ಗದ ಅಂಗಡಿ ಇಟ್ಟಿದ್ದ ದುಗ್ಗಪ್ಪನಿಗೆ ಭೂಮಿ ಎಂದರೆ ಮನೆಯ ಹಿತ್ತಿಲು. ಅದರ ತುಂಬ ಹೆಂಡತಿ ದೇಯಿಯ ಮಲ್ಲಿಗೆ ಗಿಡಗಳು. ಹೂ ಮಾರಿ ಬಂದದ್ದು ಅವಳ ಸ್ವಂತದ್ದು. ದುಗ್ಗಪ್ಪ ಗುದ್ದಲಿ ಹಿಡಿದು ಗಿಡಗಳನ್ನೆಲ್ಲ ಕಿತ್ತುಹಾಕಿದ.

“ಯುದ್ಧಕ್ಕೆ ಅಕ್ಕಿ ಬೇಕು ಮಾರಾಯ್ತಿ, ಮಲ್ಲಿಗೆ ಅಲ್ಲ.”

“ಸರಕಾರದ ದುಡ್ಡು ಬರದಿದ್ದರೆ?”

“ಬರದಿದ್ದರೆ ನಾನೇ ಪುನಃ ಮಲ್ಲಿಗೆ ನೆಟ್ಟು, ನೀರು ಹೊತ್ತು, ಮೊಗ್ಗು ಕೊಯ್ದು, ಮಾಲೆ ಕಟ್ಟಿ ನಿನ್ನ ಕೈಗೆ ಕೊಡ್ತೇನೆ. ಆಯ್ತಾ?”

“ಆಯ್ತು” ಎಂದಳು ದೇಯಿ. ಅವಳು ಅಷ್ಟು ಬೇಗ ಒಪ್ಪಿದಾಗಲೇ ಅವನು ಎಚ್ಚರಾಗಬೇಕಿತ್ತು.

ಭತ್ತ ಬಂಗಾರದ ಹಾಗೆ ಬಂತು. ಇಡೀ ಬೀದಿಗೆ ಅದೊಂದೇ ಪೈರು. ದುಗ್ಗಪ್ಪ ಮುಳ್ಳಿನ ಬೇಲಿ ಕಟ್ಟಿದ. ನೆರೆಮನೆಯ ಮಾರ್ಸೆಲಿನ್ ಬಾಯಮ್ಮನ ಕೋಳಿಗಳಿಗೆ ಮಳೆಗಾಲವಿಡೀ ಬೈದ. ಇನ್ಸ್‌ಪೆಕ್ಟರು ಬರುವ ದಿನವೂ ಗೊತ್ತಾಯಿತು. ಅದು ತೆನೆ ಹಬ್ಬದ ದಿನವೇ.

ತೆನೆ ಹಬ್ಬವೆಂದರೆ, ಬೆಳಕು ಹರಿಯುವ ಮೊದಲು ಯಾರದಾದರೂ ಗದ್ದೆಯಿಂದ ಒಂದು ಹಿಡಿ ತೆನೆ ಕೇಳದೆ ಕೊಯ್ದು ತರಬೇಕು. ಗದ್ದೆಯವನು ತಡೆಯಬಾರದು, ತರುವವನು ದಾರಿಯಲ್ಲಿ ಬಾಯಿ ಬಿಡಬಾರದು. ತಂದದ್ದನ್ನು ಮಾವಿನೆಲೆಯಲ್ಲಿ ಸುತ್ತಿ ಬಾಗಿಲಿಗೆ, ಬಾವಿಗೆ, ಕತ್ತಿ-ಗುದ್ದಲಿಗೆ ಕಟ್ಟುವುದು.

“ನಮ್ಮ ಹಿತ್ತಿಲಿನಲ್ಲೇ ಉಂಟಲ್ಲ” ಎಂದಳು ದೇಯಿ.

“ಮುಟ್ಟಿದರೆ ಜಾಗ್ರತೆ. ಅದು ಸರಕಾರದ ಪೈರು.”

ಹಾಗೆ ಹೇಳಿದವನು ನಸುಕಿನಲ್ಲೇ ಎದ್ದು, ತಲೆಗೆ ಮುಂಡಾಸು ಸುತ್ತಿ, ಕಂಕನಾಡಿಯ ಆಚೆ ಯಾರದೋ ಗದ್ದೆಗೆ ಇಳಿದ. ಬರುವಾಗ ಒಂದು ನಾಯಿ ಬೆನ್ನು ಹತ್ತಿತು. ಅದಕ್ಕೂ ಬಯ್ಯಲಿಲ್ಲ, ಅಂಥ ತಪಸ್ಸು ಅವನ ಜನ್ಮದಲ್ಲೇ ಮೊದಲು. ತನ್ನ ಬೀದಿಗೆ ತಿರುಗಿದರೆ ಪ್ರತಿಯೊಂದು ಬಾಗಿಲಿಗೂ ತೆನೆ ಕಟ್ಟಿ ಆಗಿದೆ. ಜನರ ಭಕ್ತಿಗೆ ಮೆಚ್ಚುತ್ತ ಹಿತ್ತಿಲಿಗೆ ಬಂದ. ಅಲ್ಲಿ ಬರೀ ದಂಟುಗಳು, ತಿರುಪತಿಗೆ ಹೋಗಿ ಬಂದವರ ಹಾಗೆ ತಲೆ ಬೋಳಿಸಿಕೊಂಡು ನಿಂತಿದ್ದವು.

“ಎಂತ ಇದು?”

“ನಾನು ಮುಟ್ಟಲಿಲ್ಲಪ್ಪ” ಎಂದಳು ದೇಯಿ. “ಎದುರು ಮನೆಯ ಹೇಮಾಕ್ಷಿ ಬಂದಳು. ಅವಳ ಹಿಂದೆ ಬೀದಿಗೆ ಬೀದಿಯೇ ಬಂತು, ಬಾಯಮ್ಮ ಸಹಿತ. ತಡೆಯುವ ಕ್ರಮ ಇಲ್ಲವಲ್ಲ, ಅದಕ್ಕೆ ದೀಪ ಹಿಡಿದೆ. ಮುಳ್ಳು ತಾಗಬಾರದು ನೋಡಿ.”

“ಬಾಯಮ್ಮ ಯಾಕೆ ಕೊಯ್ದದ್ದು? ಕ್ರಿಸ್ತುವರಿಗೆ ಅವರ ಮೊಂತಿ ಹಬ್ಬದ ತೆನೆ ಇಗರ್ಜಿಯಲ್ಲೇ ಸಿಕ್ಕಿ ಆಗಿದೆ.”

“ಕೋಳಿಗಳಿಗೆ ಅಂತೆ. ಪಾಪ, ನಿಮ್ಮ ಬೈಗುಳ ತಿಂದೇ ಬದುಕಿದ್ದವು.”

ಅಷ್ಟರಲ್ಲಿ ಸೈಕಲ್ ಗಂಟೆ ಕೇಳಿತು. ಇನ್ಸ್‌ಪೆಕ್ಟರು. ಸೈಕಲ್ಲಿನ ಹ್ಯಾಂಡಲಿಗೂ ತೆನೆ.

“ಬೀದಿಯ ತುದಿಯಲ್ಲಿ ಒಬ್ಬರು ಅಮ್ಮ ಕಟ್ಟಿದರು. ಕಾಳು ನೋಡಿ, ಎಷ್ಟು ಪುಷ್ಟಿ” ಎಂದರು ಅವರು. “ಇದನ್ನು ಬೆಳೆದವನಿಗೆ ಕಣ್ಣು ಮುಚ್ಚಿ ಮಂಜೂರು ಮಾಡಬಹುದು. ನಿಮ್ಮ ಪೈರು ಎಲ್ಲಿ?”

“ಅದೇ ನನ್ನ ಪೈರು ಸ್ವಾಮಿ.”

“ಮತ್ತೆ ಕೈಯಲ್ಲಿರುವುದು?”

“ಇದು... ಕಂಕನಾಡಿಯಲ್ಲಿ ಯಾರದೋ.”

ಇನ್ಸ್‌ಪೆಕ್ಟರು ಬೋಳು ದಂಟನ್ನೊಮ್ಮೆ, ಕೈಯ ತೆನೆಯನ್ನೊಮ್ಮೆ ನೋಡಿದರು. “ಇನ್ನೊಬ್ಬರ ತೆನೆ ತಂದು ಸರಕಾರಕ್ಕೆ ತೋರಿಸ್ತೀರಾ? ಅದೂ ಹಬ್ಬದ ದಿನ?” ಎಂದು ಸೈಕಲ್ ಹತ್ತಿ ಹೋದರು.

ದುಗ್ಗಪ್ಪ ಹೆಂಡತಿಯನ್ನು ಬಯ್ಯಲೆಂದು ಬಾಯಿ ತೆರೆದು ಹಿಂದೆ ತಿರುಗಿದ. ದೇಯಿ ಅವನ ಕೈಯಿಂದ ಕಂಕನಾಡಿಯ ತೆನೆ ತೆಗೆದು, ಮಾವಿನೆಲೆ ಸುತ್ತಿ, ಭಕ್ತಿಯಿಂದ ಗುದ್ದಲಿಯ ಕಾವಿಗೆ ಕಟ್ಟಿ, ಗುದ್ದಲಿಯನ್ನು ಅವನ ಕೈಗೇ ಕೊಟ್ಟಳು.

“ಮೊದಲು ಗುಂಡಿ ತೋಡಿ. ಮಾಲೆ ಕಟ್ಟುವುದನ್ನು ಆಮೇಲೆ ಕಲಿಸ್ತೇನೆ.”